ಸೋಸಿದ ನೀರು

ಪುಡಿ ಹಾಕಿದ ಕೂಡಲೇ ನೀರು ಗಟ್ಟಿಯಾಗುವುದಿಲ್ಲ. ಸ್ವಲ್ಪ ಹೊತ್ತು ತಾನಿನ್ನೂ ನೀರೇ ಎಂಬಂತೆ ಸುಮ್ಮನಿರುತ್ತದೆ. ಆ ಸ್ವಲ್ಪ ಹೊತ್ತನ್ನು ಕಂಡರೆ ನಾಗರತ್ನಾಳಿಗೆ ಆಗುತ್ತಿರಲಿಲ್ಲ. ಸ್ಟೀಲ್ ಲೋಟದಲ್ಲಿ ಚಮಚ ತಿರುಗಿಸುತ್ತ, ಪಕ್ಕದ ಮನೆಯ ಸುಲ್ತಾನಬಿ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಕಿಟಕಿಯಿಂದ ನೋಡುತ್ತ ನಿಂತಿದ್ದರೂ ಅವಳ ಕಿವಿಯೆಲ್ಲ ಒಳಕೋಣೆಯ ಮಂಚದ ಕಡೆಗೇ ಇತ್ತು. ದೀಪಾವಳಿಯ ಹಿಂದುಮುಂದು ಲಕ್ವ ಹೊಡೆದು ಮಾವ ದೌಲತರಾಯರ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಒಂದು ಕಾಲಕ್ಕೆ ಅಫಜಲಪುರದ ಸಂತೆಯ ಈ ತುದಿಯಿಂದ ಆ ತುದಿಗೆ ಕೇಳುತ್ತಿದ್ದ ಗಂಟಲಲ್ಲಿ ಈಗ ಉಳಿದದ್ದು ನಾಲ್ಕಾರು ಶಬ್ದ. ಅವುಗಳಲ್ಲಿ ಯಾರಿಗಾದರೂ ತಿಳಿಯುವಂಥದ್ದು ಒಂದೇ.

"ನೀ... ರ."

"ಬಂದೆ, ತಡೀರಿ ಮಾವಾರ," ಎಂದಳು ನಾಗರತ್ನಾ. ದನಿ ಎಷ್ಟು ಮೆತ್ತಗಿತ್ತೆಂದರೆ ಹೊರಗಿನಿಂದ ಕೇಳಿದವರು ಎಂಥ ಸೊಸೆ ಎಂದು ಮೆಚ್ಚಿಕೊಳ್ಳಬೇಕು. ಆ ಮೆತ್ತನೆಯ ದನಿ ತನ್ನೊಳಗೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅದನ್ನು ಕೇಳಿಸಿಕೊಳ್ಳಲು ಅವಳಿಗೆ ಹೆದರಿಕೆ.

ನುಂಗುವುದನ್ನು ಕಲಿಸಲೂ ಒಬ್ಬ ಡಾಕ್ಟರು ಇರುತ್ತಾರೆ ಎಂದು ಕಲಬುರಗಿಯ ಆಸ್ಪತ್ರೆಯಲ್ಲಿ ಕೇಳಿದಾಗ ಗಂಡ ಶಿವಪ್ರಕಾಶನಿಗೆ ನಗು ಬಂದಿತ್ತು. ಪಂಚಶೀಲಾ ಎಂಬ ಆ ಸಣ್ಣ ವಯಸ್ಸಿನ ಡಾಕ್ಟರು ಮಾತ್ರ ನಗಲಿಲ್ಲ. "ಇವರಿಗಿ ತೆಳ್ಳನ ನೀರಽ ವೈರಿ ನೋಡ್ರಿ. ಗಂಟಲಾಗಿನ ಬಾಗಲಾ ಹೊತ್ತಿಗಿ ಸರಿಯಾಗಿ ಮುಚ್ಚಂಗಿಲ್ಲ. ನೀರು ಓಡಿಹೋಗಿ ಪುಪ್ಪುಸಕ್ಕ ಇಳೀತದ. ಗಟ್ಟಿ ಮಾಡಿ ಕೊಟ್ರ ಸಾವಕಾಶ ಹೋಗ್ತದ," ಎಂದು ಹೇಳಿ, ಡಬ್ಬಿ ತೆರೆದು ಪುಡಿ ಕಲಸಿ ತೋರಿಸಿದ್ದಳು. ಕ್ಸಾಂಥನ್ ಗಮ್ ಎಂದು ಅದರ ಹೆಸರು. ಐಸ್‌ಕ್ರೀಮಿನಲ್ಲಿ, ಟೊಮೆಟೊ ಸಾಸಿನಲ್ಲಿ, ಬೇಕರಿಯ ಕೇಕಿನಲ್ಲಿ, ಹಲ್ಲುಜ್ಜುವ ಪೇಸ್ಟಿನಲ್ಲಿ ಸಹ ಚೂರುಪಾರು ಇರುತ್ತದಂತೆ. ಜಗತ್ತೆಲ್ಲ ಗೊತ್ತಿಲ್ಲದೆ ತಿನ್ನುತ್ತದಂತೆ. ದೊಡ್ಡವರಿಗೆ ಹೊಟ್ಟೆ ಒಂದಿಷ್ಟು ಸಡಿಲಾದೀತು, ಅದಕ್ಕಿಂತ ಹೆಚ್ಚಿನದೇನಿಲ್ಲ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಮಾತ್ರ ಕೊಡಬಾರದು. ಗಂಟು ಉಳಿಯದಂತೆ ಕಲಸಬೇಕು, ಕಲಸಿ ಕಾಯಬೇಕು, ತಲೆ ಎತ್ತಿ ಕೂಡಿಸಿ ಚಮಚದಿಂದಲೇ ಕುಡಿಸಬೇಕು. "ಪುಡಿಗಿ ಅಂಜಬ್ಯಾಡ್ರಿ. ಪುಡಿ ಇಲ್ಲದ ನೀರಿಗಿ ಅಂಜ್ರಿ. ಮತ್ತ ಕೆಮ್ಮು ಬರಲಿಲ್ಲ ಅಂದ್ರ ಎಲ್ಲಾ ಸರಿ ಅದ ಅಂತ ತಿಳಕೋಬ್ಯಾಡ್ರಿ. ಕೆಲವರಿಗಿ ಕೆಮ್ಮಽ ಬರಂಗಿಲ್ಲ, ನೀರು ಸುಮ್ಮನ ಒಳಗ ಹೋಗಿ ಕೂಡ್ತದ." ಶಿವಪ್ರಕಾಶ ಆ ಹೊತ್ತಿಗೆ ತನ್ನ ಗೊಬ್ಬರದ ಅಂಗಡಿಯಿಂದ ಬಂದ ಫೋನಿನಲ್ಲಿ ಮಾತಾಡುತ್ತಿದ್ದ. ಕೇಳಿಸಿಕೊಂಡವಳು ನಾಗರತ್ನಾ ಒಬ್ಬಳೇ.

ತಲೆದಿಂಬು ಏರಿಸಿ, ಕೊರಳಿಗೆ ಟವೆಲ್ ಹಾಕಿ, ಮೊದಲ ಚಮಚ ತುಟಿಯ ಹತ್ತಿರ ತಂದಾಗ ದೌಲತರಾಯರು ಕಣ್ಣು ಮುಚ್ಚಿದರು. ದಿನವೂ ಮುಚ್ಚುತ್ತಾರೆ. ಹೇವರಿಕೆಯೋ, ನಾಚಿಕೆಯೋ, ಕೊಡುವವರ ಮುಖ ನೋಡಬಾರದೆಂಬ ಹಟವೋ. ವರ್ಷಗಳ ಹಿಂದಿನ ಮಾತು, ಅವಳು ತವರೂರಾದ ಮಟಕಿಯಿಂದ ಈ ಮನೆಗೆ ಬಂದು ಇನ್ನೂ ಕೈಯ ಮದರಂಗಿ ಮಾಸಿರಲಿಲ್ಲ. ನಾದಿನಿ ಶೈಲಶ್ರೀಯನ್ನು ನೋಡಲು ಅಂದೋಲಾದ ಬೀಗರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಅತ್ತೆ ಹೀರಾಬಾಯಿ ಹೊಸ ಸೊಸೆಯ ಕೈಯಲ್ಲೇ ನೀರು ಕೊಡಿಸಿದಳು. ಬೆಲ್ಲದ ತಟ್ಟೆ, ಬೆಳಗಿದ ತಂಬಿಗೆಗಳು. ದೌಲತರಾಯರು ತಂಬಿಗೆ ಎತ್ತಿ, ಕುಡಿಯದೆ, ಒಳಗೆ ನೋಡಿದರು. ಒಂದು ಜೋಳದ ಹೊಟ್ಟು ತೇಲುತ್ತಿತ್ತಂತೆ. ಅವಳಿಗದು ಇವತ್ತಿಗೂ ಅಂತೆ ಮಾತ್ರ, ಅವಳು ಕಂಡಿಲ್ಲ. ಅವರು ಕೂತಲ್ಲಿಂದಲೇ ನೀರನ್ನು ಅಂಗಳಕ್ಕೆ ಚೆಲ್ಲಿ, "ಮಟಕಿ ಮಂದಿಗಿ ನೀರು ಸೋಸೋದೂ ಗೊತ್ತಿಲ್ಲೇನು?" ಎಂದರು. ಬೀಗರು ನಕ್ಕರು. ಮನೆಯವರೂ ನಕ್ಕರು. ಬೀಗರ ಮುಂದೆ ನಗದೆ ಇರಲಾಗುತ್ತದೆಯೇ, ಅವಳೂ ನಕ್ಕಳು. ಆ ನಗುವೇ ಅವಳನ್ನು ಇಷ್ಟು ವರ್ಷ ಸುಟ್ಟದ್ದು, ಅವರ ಮಾತಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಸೋಸದ ನೀರು ಕುಡಿಯಬಾರದು, ಹುಳ ಹುಪ್ಪಡಿ ಹೊಟ್ಟೆಗೆ ಹೋದರೆ ಅದು ಜೀವಹತ್ಯೆ ಎಂದು ನಂಬಿದ ಮನುಷ್ಯ ಅವರು. ಮನೆಗೆ ಫಿಲ್ಟರ್ ಬಂದ ಮೇಲೂ ಅದರ ನೀರನ್ನು ಮತ್ತೊಮ್ಮೆ ತಮ್ಮ ಬಿಳಿ ಅರಿವೆಯಲ್ಲಿ ಸೋಸಿಕೊಳ್ಳುತ್ತಿದ್ದರು. ಊರಿಗೆ ಹೋದರೆ ಅರಿವೆ ಜೇಬಿನಲ್ಲಿ. ನೇಮ ಎಂದರೆ ನೇಮವೇ, ಅದಕ್ಕೆ ಅವಳ ತಕರಾರಿಲ್ಲ. ಆದರೆ ಅಂದಿನಿಂದ ಅವರು ಅವಳ ಕೈಯ ನೀರು ಮುಟ್ಟಲಿಲ್ಲ. ಹೇಳಲೂ ಇಲ್ಲ. ರೊಟ್ಟಿ ತಿನ್ನುತ್ತಿದ್ದರು, ಪಲ್ಯ ತಿನ್ನುತ್ತಿದ್ದರು, ಉಪ್ಪು ಕಡಿಮೆಯಾದರೆ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅವಳು ತಂದಿಟ್ಟ ತಂಬಿಗೆ ಮಾತ್ರ ಇಟ್ಟಲ್ಲೇ ಇರುತ್ತಿತ್ತು. ಅತ್ತೆ ಸದ್ದಿಲ್ಲದೆ ಇನ್ನೊಂದು ತಂದಿಡುತ್ತಿದ್ದಳು. ಅತ್ತೆ ಸತ್ತ ಮೇಲೆ ತಾವೇ ಎದ್ದು ತುಂಬಿಕೊಂಡರು. ಗಂಡನಿಗೆ ಹೇಳಿದರೆ "ಹಿರೇರು, ಬಿಡು ಅತ್ಲಾಗ" ಎಂದ. ಬಿಟ್ಟಳು. ಬಿಟ್ಟದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಅವನು ಕೇಳಲಿಲ್ಲ.

ಗಂಟಲ ಗೋಲಿ ಮೇಲೇರಿ ಇಳಿಯಿತು. ಅದು ಇಳಿಯುವುದನ್ನು ಕಂಡ ಮೇಲೆಯೇ ಮುಂದಿನ ಚಮಚ. ಹೀಗೆ ಒಂದು ಲೋಟ ಮುಗಿಯುವಷ್ಟರಲ್ಲಿ ಅವಳ ಸೊಂಟ ನೋಯುತ್ತಿತ್ತು. ಮುಗಿದ ಮೇಲೂ ಅವರು ಬಲಗೈ ಎತ್ತಿ ಗೋಡೆಯ ಗೂಟಕ್ಕೆ ತೂಗಿದ್ದ ಬಿಳಿ ಅರಿವೆಯನ್ನು ತೋರಿಸಿದರು. "ನೀ... ರ." ಅದೂ ದಿನದ ಮಾತೇ. ಸೋಸಿ ಕೊಡು ಎನ್ನುತ್ತಾರೆ ಎಂದು ಅವಳಿಗೆ ತಿಳಿಯದೇನಲ್ಲ. "ಈಗ ಕುಡದ್ರಲ್ರಿ ಮಾವಾರ. ತೆಳ್ಳಂದು ಡಾಕ್ಟರು ಬ್ಯಾಡಂದಾರ," ಎಂದಳು ಅದೇ ಮೆತ್ತನೆಯ ದನಿಯಲ್ಲಿ. ಬ್ಯಾಡಂದಾರ ಎನ್ನುವಾಗ ನಾಲಿಗೆಯ ಮೇಲೆ ಏನೋ ರುಚಿ. ಅವರ ಮುಖ ಸಣ್ಣದಾಯಿತು. ಸೇಡು ಎಂಬ ಶಬ್ದ ತೀರ ದೊಡ್ಡದು, ಸಿನಿಮಾದವರದು. ಅವಳು ಮಾಡುತ್ತಿದ್ದುದು ಸೇವೆ, ಡಾಕ್ಟರು ಹೇಳಿದ್ದಕ್ಕಿಂತ ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದ ಸೇವೆ. ಅದರೊಳಗೆ ಈ ರುಚಿ ಹೇಗೆ ಬಂದು ಸೇರಿತು ಎಂದು ಯಾರನ್ನು ಕೇಳುವುದು? ಒಂದು ದಿನ ತಾನೂ ಒಂದು ಚಮಚ ಕುಡಿದು ನೋಡಿದ್ದಳು. ವಾಸನೆಯಿಲ್ಲ, ರುಚಿಯಿಲ್ಲ, ಯಾರದೋ ಜೊಲ್ಲಿನಂತೆ ಜಾರಿ ಇಳಿಯಿತು. ನೀರಡಿಕೆ ಇದ್ದಲ್ಲೇ ಇತ್ತು. ಕೂಡಲೇ ಹೋಗಿ ಒಂದು ತಂಬಿಗೆ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಳ್ಳುವಾಗ ಹೊಸ್ತಿಲಾಚೆ ಮಂಚದಿಂದ ಎರಡು ಕಣ್ಣು ತನ್ನನ್ನೇ ನೋಡುತ್ತಿದ್ದುದು ಕಂಡಿತು. ಅಂದಿನಿಂದ ಅವಳು ನೀರು ಕುಡಿಯಬೇಕಾದರೆ ಹಿತ್ತಲಿಗೆ ಹೋಗುತ್ತಾಳೆ, ಕದ್ದವಳಂತೆ.

ಮಧ್ಯಾಹ್ನ ಶೈಲಶ್ರೀ ಬಂದಳು. ಅಂದೋಲಾದ ಗಂಡನ ಮನೆಯಿಂದ ಜೇವರ್ಗಿಗೆ ಬಂದು, ಅಲ್ಲಿಂದ ಬಸ್ ಬದಲಿಸಿ, ಬೆವರಿಳಿಸಿಕೊಂಡು, ಡಬ್ಬಿ ತುಂಬ ಶೇಂಗಾ ಹೋಳಿಗೆ ಹೊತ್ತು ಬಂದಿದ್ದಳು. ಹೋಳಿಗೆ ಅಪ್ಪನಿಗೆ ಇಷ್ಟ. ಅಪ್ಪ ಈಗ ಹೋಳಿಗೆ ತಿನ್ನಲಾರ ಎಂಬುದು ಅವಳಿಗೆ ಗೊತ್ತಿತ್ತು, ಆದರೂ ಮಾಡಿದ್ದಳು. ಮಂಚದ ಅಂಚಿಗೆ ಕೂತು ಅಪ್ಪನ ಕೈ ಹಿಡಿದು ಅತ್ತಳು. ನಿಜವಾದ ಅಳು. ನಾಗರತ್ನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿ, ತಾನು ಈ ಮಂಚದ ಹತ್ತಿರ ಒಮ್ಮೆಯೂ ಅತ್ತಿಲ್ಲ ಎಂದು ನೆನೆಸಿಕೊಂಡಳು. ಕಲಸಿಟ್ಟ ಲೋಟವನ್ನು ಒಯ್ದು ಪಕ್ಕದ ಸ್ಟೂಲಿನ ಮೇಲಿಟ್ಟಳು. ಶೈಲಶ್ರೀ ಚಮಚ ಎತ್ತಿದಳು. ಅದು ಲೋಳೆ ಎಳೆಯುತ್ತ ಮೇಲೆ ಬಂತು.

"ಇದೇನ್ರಿ ವೈನಿ, ಗೋಂದು ಕುಡಸಾಕತ್ತೀರೇನು ಅಪ್ಪಗ?"

"ಗೋಂದಲ್ಲ ಶೈಲಾ, ನೀರೇ. ಗಟ್ಟಿ ಆಗಾಕ ಪುಡಿ ಹಾಕೇನಿ. ಡಾಕ್ಟರು ಕೊಟ್ಟಾರ."

ಶೈಲಶ್ರೀ ಡಬ್ಬಿ ತರಿಸಿಕೊಂಡು, ಅದರ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ತುಟಿ ಅಲ್ಲಾಡಿಸುತ್ತ ಓದಿದಳು. ಓದುತ್ತ ಓದುತ್ತ ಅವಳ ಮುಖ ಬದಲಾಯಿತು. "ಬ್ಯಾಕ್ಟೀರಿಯಾದಿಂದ ಮಾಡ್ತಾರಂತ ಇದನ್ನ! ಕ್ಯಾಬೀಜ್ ಕೊಳಸೋ ಹುಳ ಅಂತ ಅದು. ಅದಕ್ಕ ಸಕ್ರಿ ತಿನಿಸಿ, ಅದರ ಲೋಳಿ ತಗದು ಒಣಗಸ್ತಾರಂತ. ನಮ್ಮಪ್ಪ ಜಲ್ಮೆಲ್ಲ ಒಂದು ಹುಳ ಹೊಟ್ಟಿಗಿ ಹೋಗಬಾರದಂತ ನೀರು ಸೋಸಿ ಕುಡದಾನ. ಅವಗ ಹುಳದ ಲೋಳಿ ಕುಡಸ್ತೀರಿ?"

"ಅದು ಹುಳ ಅಲ್ಲ. ಮೊಸರು ಹೆಪ್ಪಗಟ್ಟೋದೂ ಹಂಗಽ ಅಂತ ಡಾಕ್ಟರು ಹೇಳ್ಯಾರ."

"ಮೊಸರಿಗಿ ನಮ್ಮನ್ಯಾಗ ನಾವು ಹೆಪ್ಪ ಹಾಕ್ತೀವಿ. ಇದಕ್ಕ ಯಾರು ಹಾಕ್ಯಾರ, ಗೊತ್ತದೇನು ನಿಮಗ?"

ನಾಗರತ್ನಾಳಿಗೆ ಪುಡಿಯ ಬಗ್ಗೆ ಕೇಳಿದ್ದೆಲ್ಲ ನೆನಪಿತ್ತು, ಒಂದೊಂದಾಗಿ ಹೇಳಬಹುದಿತ್ತು. ಆದರೆ ಮಂಚದ ಮೇಲೆ ದೌಲತರಾಯರ ಕಣ್ಣು ಪೂರ್ತಿ ತೆರೆದಿದ್ದವು. ಅವರು ಎಲ್ಲ ಕೇಳಿಸಿಕೊಂಡಿದ್ದರು. ಹುಳ ಎಂಬ ಶಬ್ದಕ್ಕೆ ಅವರ ಬಾಯಿಯ ಒಂದು ಬದಿ ಎಳೆದುಕೊಂಡಿತು. ಬಲಗೈ ಎದ್ದು ಗೂಟದ ಅರಿವೆಯನ್ನು ತೋರಿಸಿತು. ಇಷ್ಟು ದಿನ ಸೊಸೆ ತಿಳಿದೂ ತಿಳಿಯದಂತಿದ್ದುದನ್ನು ಮಗಳು ಒಂದೇ ಗಳಿಗೆಯಲ್ಲಿ ತಿಳಿದುಕೊಂಡಳು. "ಸೋಸ್ಲೇನಪ್ಪಾ? ಸೋಸಿ ಕೊಡ್ತೇನಿ ತಡಿ," ಎಂದು ಎದ್ದು, ಅರಿವೆ ತೆಗೆದು ಜಾಡಿಸಿ, ಅಡುಗೆಮನೆಗೆ ಬಂದು ತಂಬಿಗೆಯ ಬಾಯಿಗೆ ಹೊದಿಸಿ, ಲೋಟದಲ್ಲಿದ್ದುದನ್ನು ಸುರಿದಳು. ಅದು ಇಳಿಯಲಿಲ್ಲ. ಅರಿವೆಯ ನಡುವೆ ಗುಂಡಗೆ ಕೂತಿತು. ಶೈಲಶ್ರೀ ಬೆರಳಿಂದ ಒತ್ತಿದಳು, ಹಿಂಡಿದಳು, ನಾಲ್ಕು ಹನಿ ಬಿತ್ತು. ಆಗ ಕುಡಿಯುವ ನೀರಿನ ಹರವಿಯ ಮುಚ್ಚಳ ತೆಗೆದು ಅದರ ಮೇಲೆ ನೀರು ಹಾಕಿದಳು. ಮತ್ತೆ ಹಿಂಡಿದಳು, ಮತ್ತೆ ಹಾಕಿದಳು. ತೊಳೆದು ತೊಳೆದು, ತಂಬಿಗೆ ತುಂಬ ತಿಳಿಯಾಗಿ ಫಳಗುಟ್ಟುವ ತನಕ ಹಾಕಿದಳು. ಅರಿವೆಯಲ್ಲಿ ಉಳಿದದ್ದನ್ನು ತೋರಿಸಿ, "ನೋಡ್ರಿ ವೈನಿ, ಎಷ್ಟು ಹೊಲಸು ಬಂತು," ಎಂದಳು. ಅವಳ ಮುಖದಲ್ಲಿ ಮೋಸವಿರಲಿಲ್ಲ. ಪುಡಿಯ ಗುಣ ನೀರಲ್ಲಿ ಉಳಿದಿದೆ, ಕಸ ಮಾತ್ರ ಅರಿವೆಗೆ ಬಂದಿದೆ ಎಂದೇ ಅವಳು ತಿಳಿದಿದ್ದಳು. ಸೋಸುವುದೆಂದರೆ ಈ ಮನೆಯಲ್ಲಿ ಯಾವತ್ತೂ ಅದೇ ತಾನೆ.

ತಂಬಿಗೆಯಲ್ಲಿದ್ದುದು ಬರಿ ನೀರು. ನಾಗರತ್ನಾಳಿಗೆ ಅದು ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಶೈಲಾ ನಿಲ್ಲು, ಅದನ್ನ ಕೊಡಬ್ಯಾಡ: ಇಷ್ಟು ಹೇಳಿದರೆ ಸಾಕಿತ್ತು. ಮಾತು ಗಂಟಲ ತನಕ ಬಂತು. ಬಂದದ್ದು ಅಲ್ಲಿಯೇ ನಿಂತಿತು. ಹೇಳಿದರೆ ಮತ್ತೆ ಬ್ಯಾಡ ಎಂದವಳು ತಾನೇ ಆಗುತ್ತೇನೆ, ನೀರಿಗೆ ಅಡ್ಡ ಕೂತ ಮಟಕಿಯವಳು. ಒಂದು ದಿನಕ್ಕಾದರೂ ಬೇರೆ ಯಾರೋ ಆ ಹೊರೆ ಹೊರಲಿ. ಒಂದು ತಂಬಿಗೆಗೆ ಏನಾಗುತ್ತದೆ. ಪಾಪ, ಎಷ್ಟು ದಿನದಿಂದ ಕೇಳುತ್ತಾರೆ. ಆಗಲಿ, ಆದದ್ದು ಆಗಲಿ, ಆಗ ಗೊತ್ತಾಗುತ್ತದೆ ಇವರಿಗೆಲ್ಲ ನಾನು ಏನು ಮಾಡುತ್ತಿದ್ದೆ ಎಂದು. ಇದರಲ್ಲಿ ಯಾವುದು ಮೊದಲು ಬಂತು, ಯಾವುದು ಕೊನೆಗೆ, ಯಾವುದು ಅವಳ ಬಾಯಿ ಕಟ್ಟಿತು ಎಂದು ಆಮೇಲೆ ಎಷ್ಟು ಕೆದಕಿದರೂ ತಿಳಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಅಷ್ಟೇ ಗೊತ್ತು.

ಶೈಲಶ್ರೀ ಮೊದಲು ಚಮಚದಲ್ಲಿ ಕೊಟ್ಟಳು. ಆಮೇಲೆ ತಂಬಿಗೆಯನ್ನೇ ತುಟಿಗೆ ಹಿಡಿದಳು. ದೌಲತರಾಯರು ಬಲಗೈಯಿಂದ ಅದರ ಕಂಠ ಹಿಡಿದುಕೊಂಡರು. ಕುಡಿದರು. ಅರ್ಧ ನೀರು ಗದ್ದದಿಂದ ಎದೆಗಿಳಿದು ಕೊರಳ ಲಿಂಗದ ಕರಡಿಗೆ ತೊಯ್ಯಿತು, ಅರ್ಧ ಒಳಗೆ ಹೋಯಿತು. ಕಣ್ಣು ಮುಚ್ಚಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ನಾಗರತ್ನಾ ಉಸಿರು ಹಿಡಿದು ಕೆಮ್ಮಿಗೆ ಕಾದಳು. ಕೆಮ್ಮು ಬರಲಿಲ್ಲ. "ಆಂ..." ಎಂದು ಒಂದು ದೊಡ್ಡ ಉಸಿರು ಬಿಟ್ಟು ಅವರು ದಿಂಬಿಗೆ ಒರಗಿದರು. ಆ ಮುಖದಲ್ಲಿ ಅಷ್ಟು ಸುಖವನ್ನು ಅವಳು ಎಂದೂ ಕಂಡಿರಲಿಲ್ಲ. "ನೋಡ್ರಿ, ಏನಾತು? ಏನೂ ಆಗಲಿಲ್ಲ," ಎಂದಳು ಶೈಲಶ್ರೀ, ಗೆದ್ದವಳ ದನಿಯಲ್ಲಲ್ಲ, ಸಮಾಧಾನ ಹೇಳುವವಳ ದನಿಯಲ್ಲಿ. ಆಗ ನಾಗರತ್ನಾಳಿಗೆ ಹೊಳೆಯಿತು: ಹರವಿಯ ನೀರು ಬೆಳಿಗ್ಗೆ ತಾನು ತುಂಬಿದ್ದು, ತಾನು ಸೋಸಿದ್ದು. ಪುಡಿ ಕಲಸಿದ್ದನ್ನು ಇವರು ನೀರೆಂದು ಎಣಿಸಿದವರೇ ಅಲ್ಲ, ಈಗ ಕುಡಿದದ್ದು ನನ್ನ ನೀರು. ಎದೆಯಲ್ಲಿ ಹಿಗ್ಗು ಎದ್ದಿತು. ನಾಚಿಕೆಯಾಗುವಷ್ಟು ಹಿಗ್ಗು. ಅದರ ಬೆನ್ನಿಗೇ ಪಂಚಶೀಲಾ ಹೇಳಿದ ಮಾತು ನೆನಪಾಯಿತು. ಕೆಲವರಿಗಿ ಕೆಮ್ಮಽ ಬರಂಗಿಲ್ಲ.

ಶೈಲಶ್ರೀ ಸಂಜೆಯ ಬಸ್ಸಿಗೆ ಹೊರಟಳು. ಹೊಸ್ತಿಲಲ್ಲಿ ಅತ್ತಿಗೆಯ ಕೈ ಹಿಡಿದು, "ನಾ ಏನಾರ ಹೆಚ್ಚುಕಡಿಮಿ ಅಂದಿದ್ರ ಮನಸಿಗಿ ಹಚ್ಚಿಕೋಬ್ಯಾಡ್ರಿ. ನೀವು ಮಾಡೋದು ನನ್ನ ಕೈಲೆ ಆಗ್ತಿರಲಿಲ್ಲ," ಎಂದಳು. ನಾಗರತ್ನಾಳಿಗೆ ಆ ಕೈಯನ್ನು ಕೊಡವಿಕೊಳ್ಳಬೇಕೆನ್ನಿಸಿತು. ಅವಳು ಹೋದ ಮೇಲೆ ನಾಗರತ್ನಾ ಅರಿವೆ ತೊಳೆಯಲು ಕೂತಳು. ಲೋಳೆ ಬಿಡಲೊಲ್ಲದು. ತಿಕ್ಕಿದಷ್ಟೂ ಬೆರಳ ಸಂದಿನಲ್ಲಿ ಜಾರುತ್ತದೆ, ನೀರು ಹಾಕಿದರೆ ಮತ್ತಷ್ಟು ಉಬ್ಬುತ್ತದೆ. ಮಾಳಿಗೆಯ ಮೆಣಸಿನಕಾಯಿ ಬಾಚಿ ತುಂಬುತ್ತಿದ್ದ ಸುಲ್ತಾನಬಿ ಮೇಲಿನಿಂದ, "ಅಕ್ಕಾ, ಎಷ್ಟ್ ತಿಕ್ತೀರಿ, ಅರಬಿ ಹರದ್ ಹೋದೀತು," ಎಂದು ನಕ್ಕಳು. ನಾಗರತ್ನಾಳೂ ನಕ್ಕಳು. ಅದು ಅದೇ ಹಳೆಯ ನಗು, ಬೀಗರ ಮುಂದಿನದು.

ಗಂಡ ಅಂಗಡಿಯಿಂದ ಬಂದು ಕೇಳಿದ, "ಶೈಲಾ ಬಂದಿದ್ಲಂತ? ಅಪ್ಪ ಖುಷಿ ಆದನೇನು?" "ಆದ್ರು," ಎಂದಳು. ಅದಷ್ಟೇ ಅವನಿಗೆ ಬೇಕಾಗಿದ್ದದ್ದು. ಅವಳು ಆ ರಾತ್ರಿಯ ನೀರನ್ನು ಎಂದಿಗಿಂತ ಜೋಪಾನವಾಗಿ ಕಲಸಿದಳು, ಒಂದು ಗಂಟೂ ಇಲ್ಲದಂತೆ, ಹಾಗೆ ಕಲಸಿದರೆ ಮಧ್ಯಾಹ್ನದ್ದು ತಿದ್ದಿಹೋಗುತ್ತದೆ ಎಂಬಂತೆ. ದೌಲತರಾಯರು ಬಾಯಿ ತೆರೆಯಲಿಲ್ಲ. ಒಮ್ಮೆ ನೀರು ಕುಡಿದವರು ಇದನ್ನು ಯಾಕೆ ಕುಡಿದಾರು. ಬಲವಂತ ಮಾಡಲಿಲ್ಲ. ಅವರ ಎದೆಯಲ್ಲಿ ಹುಕ್ಕಾ ಎಳೆದಂತೆ ಸಣ್ಣಗೆ ಗೊರಗೊರ ಶುರುವಾಗಿತ್ತು. ಅದು ಫ್ಯಾನಿನದು ಎಂದುಕೊಂಡಳು. ಫ್ಯಾನು ಆರಿಸಿ ನೋಡುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಮೈ ಕೆಂಡವಾಗಿತ್ತು. ಓಣಿಯ ಮುಜೀಬ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿಕೊಂಡು ಕಲಬುರಗಿಗೆ ಓಡಿಸಿದ. ದಾರಿಯುದ್ದಕ್ಕೂ ಮಾವನ ತಲೆ ಅವಳ ತೊಡೆಯ ಮೇಲಿತ್ತು. ಇಷ್ಟು ಹಗುರದ ತಲೆಗೆ ತಾನು ಇಷ್ಟು ವರ್ಷ ಅಂಜಿದೆನೇ ಎಂದು ಅವಳು ಅದನ್ನೇ ನೋಡುತ್ತ ಕೂತಳು. ಒಡೆದ ತುಟಿ ಆಗಾಗ ಅಲುಗುತ್ತಿತ್ತು. ಶಬ್ದ ಬರುತ್ತಿರಲಿಲ್ಲ. ಬಂದಿದ್ದರೆ ಯಾವ ಶಬ್ದ ಎಂದು ಕೇಳಬೇಕಾಗಿರಲಿಲ್ಲ. ಗಂಡ ಮುಂದಿನ ಸೀಟಿನಿಂದ ಮತ್ತೆ ಮತ್ತೆ ಹಿಂತಿರುಗಿ, "ಹ್ಯಾಂಗಿದ್ದಾರ?" ಎನ್ನುತ್ತಿದ್ದ.

ಎದೆಯ ಚಿತ್ರ ತೆಗೆದಾಯಿತು. ಬಲ ಪುಪ್ಪುಸದ ಕೆಳಗೆಲ್ಲ ಬೆಳ್ಳಗೆ ಮೋಡ ಕವಿದಿತ್ತು. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ ಮೇಲೆ ಪಂಚಶೀಲಾ ಬಂದು ಮಂಚದ ಕಾಲ ಬುಡದಲ್ಲಿ ನಿಂತಳು. ಸಿಟ್ಟಿರಲಿಲ್ಲ, ದಣಿವಿತ್ತು. "ತೆಳ್ಳನ ನೀರೇನರ ಕೊಟ್ಟಿದ್ರೇನ್ರಿ?"

"ಛೆ, ಇಲ್ರಿ ಮೇಡಮ್," ಎಂದ ಶಿವಪ್ರಕಾಶ. "ಇಕಿ ಅದರಾಗ ಭಾಳ ಕಟ್ಟುನಿಟ್ಟು. ಅಪ್ಪ ಅತ್ರೂ ಕೊಡಂಗಿಲ್ಲ."

ಮದುವೆಯಾದಾಗಿನಿಂದ ಅವನು ನಾಲ್ಕು ಜನರ ಮುಂದೆ ಅವಳನ್ನು ಹೊಗಳಿದ್ದು ಅದೇ ಮೊದಲು. ಸುಮ್ಮನಿದ್ದರೆ ಆಗುತ್ತಿತ್ತು. ನಿನ್ನೆ ಸುಮ್ಮನಿದ್ದ ಹಾಗೆಯೇ ಇವತ್ತೂ. ಇಲ್ಲವೆ ನಿಜ ಹೇಳಿ, ಅಂದೋಲಾದ ಮನೆಯಲ್ಲಿ ಏನೂ ತಿಳಿಯದೆ ಕೂತಿದ್ದ ಶೈಲಶ್ರೀಯ ತಲೆಗೆ ಇದನ್ನು ಕಟ್ಟಬಹುದಿತ್ತು. ಅವಳು ಇನ್ನುಳಿದ ಜೀವಮಾನವೆಲ್ಲ ಆ ತಂಬಿಗೆಯನ್ನು ಹೊರುತ್ತಿದ್ದಳು.

"ಕೊಟ್ಟೇನ್ರಿ," ಎಂದಳು ನಾಗರತ್ನಾ. "ನಿನ್ನಿ ಮಧ್ಯಾಹ್ನ. ಒಂದು ತಂಬಿಗಿ. ನಾನಽ ಕೊಟ್ಟೆ, ನನ್ನ ಕೈಲೆ."

ಗಂಡ ಅವಳತ್ತ ತಿರುಗಿದ. ನಾದಿನಿಯನ್ನು ಉಳಿಸಲು ಹೇಳಿದೆ ಎಂದು ನಾಗರತ್ನಾ ತನಗೆ ತಾನೇ ಹೇಳಿಕೊಳ್ಳಬಹುದಿತ್ತು, ಅದರಲ್ಲಿ ಸುಳ್ಳೂ ಇಲ್ಲ. ಬಾಗಿಲಲ್ಲಿ ನಿಂತು ನೋಡಿದವಳೂ ಕೊಟ್ಟವಳೇ, ಅದೂ ನಿಜ. ಆದರೆ ನನ್ನ ಕೈಲೆ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಅದು ತಾನಾಗಿ ಬಂದಿತ್ತು, ಹೇಳುವಾಗ ನಾಲಿಗೆಯ ಮೇಲೆ ಅದೇ ಹಾಳು ರುಚಿ ಇತ್ತು. ಇವರು ಹೋದರೂ ಹೋಗಲಿ, ಸೊಸೆಯ ಕೈಯ ನೀರು ಕುಡಿದು ಹೋದರು ಎಂದಾಗಲಿ. ಇಂಥ ಹೊತ್ತಿನಲ್ಲೂ ತನಗೆ ಬೇಕಾದದ್ದು ಇದು.

ಆಗ ಮಂಚದ ಮೇಲೆ ದೌಲತರಾಯರ ಬಲಗೈ ಎದ್ದಿತು. ಎದ್ದು ಅತ್ತಿಂದಿತ್ತ ಅಲ್ಲಾಡಿತು. ಅಲ್ಲ, ಅಲ್ಲ, ಎನ್ನುವ ಹಾಗೆ. ಕಣ್ಣು ಅವಳ ಮೇಲೆಯೇ ಇತ್ತು. ಮಾಡದ ತಪ್ಪನ್ನು ಈಕೆ ಹೊರಬಾರದು ಎನ್ನುತ್ತಿದ್ದಾರೋ, ಸಾಯುವ ಹೊತ್ತಿಗೂ ಈಕೆಯ ಕೈಯ ನೀರು ಕುಡಿದಿಲ್ಲ ಎಂದು ಸಾಕ್ಷಿ ನುಡಿಯುತ್ತಿದ್ದಾರೋ. ಅವಳು ಬಗ್ಗಿ ಆ ಮುಖವನ್ನು ಹತ್ತಿರದಿಂದ ನೋಡಿದಳು. ಎರಡೂ ಅಲ್ಲಿತ್ತು, ಯಾವುದೂ ಇರಲಿಲ್ಲ. ಇನ್ನು ಅವರು ಹೇಳಲಾರರು, ತಾನು ಕೇಳಲಾರಳು.

"ಏನಂತಾರ್ರಿ ಅವರು?" ಪಂಚಶೀಲಾ ಕೇಳಿದಳು.

"ನೀರು ಕೇಳಾಕತ್ತಾರ್ರಿ," ಎಂದ ಶಿವಪ್ರಕಾಶ. "ಮತ್ತೇನಿಲ್ಲ, ಯಾವಾಗಲೂ ಅದಽ."

"ಈಗ ಒಂದು ಹನಿನೂ ಇಲ್ರಿ," ಎಂದು ಪಂಚಶೀಲಾ ಚೀಟಿ ಬರೆಯಲು ಹೋದಳು.

ಕೈ ಇನ್ನೂ ಅಲ್ಲಾಡುತ್ತಿತ್ತು. ನಾಗರತ್ನಾ ಅದನ್ನು ಹಿಡಿದು ಹಾಸಿಗೆಯ ಮೇಲಿಟ್ಟಳು. ಅದು ಮತ್ತೆ ಎದ್ದಿತು.